ಒಂದೇ ಫ್ಲೈಟಿಗೆ ಮೂರು ಟೈಮು, ಅಮ್ಮನನ್ನು ಎಷ್ಟೊತ್ತಿಗೆ ಹೊರಡಿಸಲಿ?

ಪುತ್ತೂರು_ಮಗಳು, ಮಧ್ಯಾಹ್ನ 2:40

ಅರ್ಜೆಂಟು, ಗೊತ್ತಿದ್ದವರು ಬೇಗ ಹೇಳಿ. ಇವತ್ತು ಸಂಜೆ 6:40ಕ್ಕೆ ಅಮ್ಮನಿಗೆ ಮಂಗಳೂರಿನಿಂದ ಬೆಂಗಳೂರಿಗೆ ಫ್ಲೈಟ್. ನಾನು ಬೆಂಗಳೂರಲ್ಲಿ, ಅಮ್ಮ ಪುತ್ತೂರಲ್ಲಿ. ಬೆಳಿಗ್ಗೆ 11ಕ್ಕೆ ಏರ್‌ಲೈನ್‌ನಿಂದ ಮೆಸೇಜ್ ಬಂತು, ರಾತ್ರಿ 9:15ಕ್ಕೆ ಹೊರಡುತ್ತದೆ ಅಂತ. ಆ್ಯಪ್ ತೆಗೆದರೆ ಹಸಿರು ಅಕ್ಷರದಲ್ಲಿ 'ಆನ್ ಟೈಮ್'. ಏರ್‌ಪೋರ್ಟ್ ವೆಬ್‌ಸೈಟ್‌ನಲ್ಲಿ 7:50. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ 22 ನಿಮಿಷ ಮ್ಯೂಸಿಕ್ ಕೇಳಿದ ಮೇಲೆ, "ಆನ್ ಟೈಮ್ ಇದೆ ಮೇಡಂ, ಆದರೂ ಮೆಸೇಜ್ ಫಾಲೋ ಮಾಡಿ" ಅಂದರು. ಇದಕ್ಕೇನರ್ಥ?

ಅಪ್ಪ "9:15 ಅಂತ ಬರೆದಿದೆಯಲ್ಲ, 5:30ಕ್ಕೆ ಹೊರಟರೆ ಸಾಕು" ಅಂತಿದ್ದಾರೆ. ಅಮ್ಮ ಆಗಲೇ ಸೀರೆ ಉಟ್ಟು ಜಗಲಿಯಲ್ಲಿ ಕೂತಾಗಿದೆ. ಈ ಮಳೆಯಲ್ಲಿ ಬಜ್ಪೆ ಏರ್‌ಪೋರ್ಟಿಗೆ ಎರಡು ಗಂಟೆ ಬೇಕು, ಅದರಲ್ಲೂ ಅಪ್ಪ ಕಲ್ಲಡ್ಕದಲ್ಲಿ ಕೆ.ಟಿ. (ಕಲ್ಲಡ್ಕ ಟೀ) ಕುಡಿಯದೆ ಮುಂದೆ ಹೋಗುವವರಲ್ಲ.

ಹಳೇ_ಗ್ರೌಂಡ್‌ಸ್ಟಾಫ್, 2:49

ಈಗಲೇ ಹೊರಡಿಸಿ, ವಿವರ ಆಮೇಲೆ ಓದಿ.

ನಾನು ಏಳು ವರ್ಷ ಚೆಕ್‌ಇನ್ ಕೌಂಟರ್‌ನಲ್ಲಿ ಕೂತವನು. ಫ್ಲೈಟ್ ಲೇಟಾದರೂ ಕೌಂಟರ್ ಲೇಟಾಗಿ ಮುಚ್ಚುತ್ತದೆ ಅಂತ ಗ್ಯಾರಂಟಿ ಇಲ್ಲ. ದೇಶದೊಳಗಿನ ಹಾರಾಟಕ್ಕೆ ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತಾರೆ, ಮತ್ತೆ ಆ 60 ನಿಮಿಷವನ್ನು ಯಾವ ಟೈಮಿನಿಂದ ಲೆಕ್ಕ ಹಾಕುತ್ತಾರೆ ಅನ್ನುವುದರ ಮೇಲೇ ಎಲ್ಲ ಜಗಳ. ಹಾಗಾಗಿ ಟಿಕೆಟ್‌ನಲ್ಲಿ ಅಚ್ಚಾದ 6:40 ಹಿಡಿದುಕೊಳ್ಳಿ. ವೆಬ್ ಚೆಕ್‌ಇನ್ ನೀವೇ ಈಗ ಮಾಡಿ, ಬೋರ್ಡಿಂಗ್ ಪಾಸ್ ಅಮ್ಮನ ವಾಟ್ಸಾಪ್‌ಗೆ ಕಳಿಸಿ.

ಆ್ಯಪ್‌ನಲ್ಲಿ ಆನ್ ಟೈಮ್ ಅಂದರೆ ಎಷ್ಟೋ ಸಲ 'ಯಾರೂ ಇನ್ನೂ ಏನೂ ಬದಲಾಯಿಸಿಲ್ಲ' ಅಂತ, ಅಷ್ಟೇ. ಮೆಸೇಜ್ ಹೋದದ್ದು ಬೆಳಿಗ್ಗೆಯ ಅಂದಾಜಿನ ಮೇಲೆ. ಯಾರೂ ಸುಳ್ಳು ಹೇಳುತ್ತಿಲ್ಲ, ಒಬ್ಬೊಬ್ಬರ ಗಡಿಯಾರ ಒಂದೊಂದು ಹೊತ್ತಿಗೆ ನಿಂತಿದೆ. ವಿಮಾನಗಳನ್ನು ಮ್ಯಾಪ್‌ನಲ್ಲಿ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್ ತೆಗೆದು, ಆ ಫ್ಲೈಟ್ ನಂಬರ್ ಎದುರು ವಿಟಿ ಅಂತ ಶುರುವಾಗುವ ವಿಮಾನದ ನಂಬರ್ ಇದ್ದರೆ ಅದನ್ನು ಒತ್ತಿ. ಆ ವಿಮಾನ ಈಗ ಎಲ್ಲಿದೆ?

ಪುತ್ತೂರು_ಮಗಳು, 2:58

ಅಮ್ಮ ಅಪ್ಪ ಹೊರಟರು 🙏 ಅಪ್ಪನಿಗೆ ಸಿಟ್ಟು ಬಂದಿದೆ. ವಿಮಾನ ಹೈದರಾಬಾದ್‌ನಲ್ಲಿ ನಿಂತಿದೆ, ಅಂದಾಜು 4ಕ್ಕೆ ಬೆಂಗಳೂರಿಗೆ, ಅಲ್ಲಿಂದ ಮಂಗಳೂರಿಗೆ ಅಂತ ತೋರಿಸುತ್ತಿದೆ.

ಹಳೇ_ಗ್ರೌಂಡ್‌ಸ್ಟಾಫ್, 3:04

ಹಾಗಾದರೆ ಬೆರಳು ಮಡಚಿ. 4ಕ್ಕೆ ಬಿಟ್ಟರೆ ಬೆಂಗಳೂರಿಗೆ 5:15. ಜನ ಇಳಿದು, ಕ್ಲೀನ್ ಮಾಡಿ, ಮತ್ತೆ ಹತ್ತಿಸಲು 40 ನಿಮಿಷ. ಮಂಗಳೂರಿಗೆ ಇನ್ನೊಂದು ಗಂಟೆ, ಅಂದರೆ 6:55. ಅಲ್ಲಿ 35 ನಿಮಿಷ. 7:30ಕ್ಕಿಂತ ಮುಂಚೆ ಹೊರಡುವ ಮಾತೇ ಇಲ್ಲ, 7:50 ನಂಬುವಂಥ ಟೈಮು. ಆದರೆ ಒಂದು, ಬೇರೆ ವಿಮಾನ ಖಾಲಿ ಇದ್ದರೆ ಅದನ್ನೇ ನಿಮ್ಮ ಫ್ಲೈಟಿಗೆ ಹಾಕಿಬಿಡುತ್ತಾರೆ, ಆಗ ಈ ಲೆಕ್ಕವೆಲ್ಲ ನೀರಲ್ಲಿ ಹೋಮ. ಅದಕ್ಕೇ ಬೇಗ ಹೋಗಿ ಅಂದದ್ದು.

ಬಜ್ಪೆ_ಬದಿಯವ, 3:20

ಮಾರಾಯ್ರೇ, ಲೆಕ್ಕದಲ್ಲಿ ಮಳೆ ಮರೆತಿರಿ. ನಮ್ಮದು ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, 2,450 ಮೀಟರ್, ಆಚೆ ಈಚೆ ಕಣಿವೆ. ಮೋಡ ಕೆಳಗಿಳಿದರೆ ವಿಮಾನ ಮೇಲೆ ಸುತ್ತು ಹೊಡೆಯುತ್ತದೆ, ಆಗದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ತಿರುಗುತ್ತದೆ. ಆಗ ಆ್ಯಪ್ ಏನು ಬೇಕಾದರೂ ಹೇಳಲಿ, ಮ್ಯಾಪ್‌ನಲ್ಲಿ ಆ ಸುತ್ತು ಕಾಣುತ್ತದೆ.

ಜಯನಗರ_4ನೇ_ಬ್ಲಾಕ್, 3:41

ನಾನು ಮೆಸೇಜ್ ನಂಬಿ ಕೆಟ್ಟವನು ಗುರು. ಎರಡು ಗಂಟೆ ಲೇಟ್ ಅಂದರು, ಆರಾಮಾಗಿ ಊಟ ಮುಗಿಸಿ ಹೋದೆ. ಅಷ್ಟರಲ್ಲಿ ಹೊರಡುವ ಟೈಮನ್ನು ಒಂದು ಗಂಟೆ ಮುಂಚೆಗೆ ತಂದಿದ್ದರು, ಆ ಮೆಸೇಜ್ ಬರಲೇ ಇಲ್ಲ. ಗೇಟ್ ಮುಚ್ಚಿತ್ತು. ಗಾಜಿನಾಚೆ ವಿಮಾನ ಕಾಣುತ್ತಿತ್ತು, ಬಾಗಿಲೂ ತೆಗೆದೇ ಇತ್ತು. ಸ್ಕ್ರೀನ್‌ಶಾಟ್ ಇದ್ದದ್ದಕ್ಕೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಟ್ಟು ದುಡ್ಡು ವಾಪಸ್ ಪಡೆದೆ, ಎರಡು ತಿಂಗಳು ಹಿಡಿಯಿತು. ಮೂರೂ ಟೈಮಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ.

ಕಾನೂನು_ಕಾಕಾ, 4:10

ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಸ್ವಲ್ಪ ತಿಳಿದಿರಲಿ. ಇಷ್ಟು ಚಿಕ್ಕ ಹಾರಾಟಕ್ಕೆ ಎರಡು ಗಂಟೆ ಅಥವಾ ಜಾಸ್ತಿ ಲೇಟಾದರೆ ತಿಂಡಿ ಕೊಡಬೇಕು. ಆರು ಗಂಟೆ ದಾಟಿದರೆ ಬೇರೆ ಫ್ಲೈಟ್ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ಮುಂಚೆ ತಿಳಿಸದೆ ರದ್ದು ಮಾಡಿದರೆ ಪರಿಹಾರವೂ ಉಂಟು, ಆದರೆ ಮಳೆ ಮಂಜಿನ ಕಾರಣ ಕೊಟ್ಟರೆ ಪರಿಹಾರ ಇಲ್ಲ. ಕೇಳದೆ ಯಾರೂ ಕೊಡುವುದಿಲ್ಲ, ಅಮ್ಮನಿಗೆ ಹೇಳಿಕೊಡಿ.

ಪುತ್ತೂರು_ಮಗಳು, ರಾತ್ರಿ 10:35

ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಐದಕ್ಕೆಲ್ಲ ಒಳಗೆ ಹೋಗಿದ್ದರು. ಕೌಂಟರ್ ಹುಡುಗಿ ಲಗೇಜ್ ತೂಕಕ್ಕಿಟ್ಟು "7:30 ಆಂಟಿ" ಅಂದಳಂತೆ, ಅದು ನಾಲ್ಕನೇ ಟೈಮು. ವಿಮಾನ ಬಂದು ಮಂಗಳೂರು ಮೇಲೆ ಮೂರು ಸುತ್ತು ಹಾಕಿತು, ನಾನು ಮ್ಯಾಪ್ ನೋಡುತ್ತಾ ಉಗುರು ಕಚ್ಚುತ್ತಿದ್ದೆ. ಕೊನೆಗೆ ಹೊರಟದ್ದು 8:20ಕ್ಕೆ. ಕಾಕಾ, ತಿಂಡಿಗೆ ಇಪ್ಪತ್ತು ನಿಮಿಷ ಕಮ್ಮಿ ಬಿತ್ತು! ಅಮ್ಮ ಡಬ್ಬಿಯಲ್ಲಿ ತಂದಿದ್ದ ಗೋಳಿಬಜೆಯನ್ನು ಪಕ್ಕದ ಸೀಟಿನವರಿಗೂ ಕೊಟ್ಟು ತಿಂದರಂತೆ.

ಈಗ ಕಾರಲ್ಲಿ ಹೆಬ್ಬಾಳ ದಾಟುತ್ತಿದ್ದೇವೆ. ಅಮ್ಮನ ಫೋನ್‌ಗೆ ಇದೀಗ ಏರ್‌ಲೈನ್‌ನಿಂದ ಮೆಸೇಜ್ ಬಂತು, ನಿಮ್ಮ ಫ್ಲೈಟ್ ಮಂಗಳೂರಿನಿಂದ 9:15ಕ್ಕೆ ಹೊರಡಲಿದೆ, ದಯವಿಟ್ಟು ಬೇಗ ಬನ್ನಿ ಅಂತ.