ಸಿಜೆ-3ಬಿ ಜೀಪಿಗೆ ಓವರ್‌ಡ್ರೈವ್ ಕೂರಿಸುವುದೋ, ಕ್ರೌನ್-ಪಿನಿಯನ್ ಬದಲಿಸುವುದೋ?

ಆಲ್ದೂರು_3ಬಿ:
ಗಾಡಿ ಮಹೀಂದ್ರ ಸಿಜೆ-3ಬಿ. ಹರಿಕೇನ್ ಪೆಟ್ರೋಲ್ ಎಂಜಿನ್, ಟಿ-90 ಮೂರು ಗೇರಿನ ಬಾಕ್ಸ್, ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ), 6.00-16 ಟೈರ್. ತೋಟದೊಳಗೆ ಏನೂ ತಕರಾರಿಲ್ಲ. ಬೇಲೂರು ಮೇಲೆ ಹಾಸನಕ್ಕೆ ಹೊರಟರೆ ಮಾತ್ರ 60 ದಾಟುತ್ತಿದ್ದಂತೆ ಎಂಜಿನ್ ಅರಚಲು ಶುರು. ಅಮೆರಿಕದ ಹಳೇ ಮಸ್ಟಾಂಗ್, ಕ್ಯಾಮರೋಗಳಿಗೆ ಗೇರ್‌ಬಾಕ್ಸ್ ಹಿಂದೆ ಹಾಕುವ ಗೇರ್ ವೆಂಡರ್ಸ್ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಇದಕ್ಕೂ ಆಗುತ್ತದೆಯೇ? ಹಿಂದಿನ ಪಿಟಿಒದಲ್ಲಿ (ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಜೋಡಣೆ) ಸ್ಪ್ರೇ ಪಂಪ್ ಓಡಿಸುತ್ತೇವೆ, ಅದು ಉಳಿಯುತ್ತದೆಯೇ? ತಿಳಿದವರು ಹೇಳಿ.

ಹಲ್ಲುಲೆಕ್ಕ:
ಗೇರ್ ವೆಂಡರ್ಸ್ ಆಸೆ ಬಿಡಿ. ಅದು ಉದ್ದ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲಿಗೆ ಶಕ್ತಿ ಒಯ್ಯುವ ದಂಡ) ಇರುವ ಕಾರುಗಳಿಗೆ ಮಾಡಿದ್ದು, ಅನುಪಾತ 0.78, ಅಂದರೆ ಒಂದು ಸುತ್ತಿನ ಕೆಲಸಕ್ಕೆ ಎಂಜಿನ್ 0.78 ಸುತ್ತಿದರೆ ಸಾಕು. 3ಬಿಯ ಹಿಂದಿನ ಶಾಫ್ಟ್ ಮೊದಲೇ ಗಿಡ್ಡ. ಅದನ್ನು ಇನ್ನೂ ಮೊಟಕು ಮಾಡಿದರೆ ಯೂನಿವರ್ಸಲ್ ಜಾಯಿಂಟಿನ ಕೋನ ಕೆಟ್ಟು ನಡುಕ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಟ್ರಾನ್ಸ್‌ಫರ್ ಕೇಸ್ ಆದಮೇಲೆ ಹಿಂದಿನ ಶಾಫ್ಟಿಗೆ ಮಾತ್ರ ಹಾಕಿದ ಯೂನಿಟ್ ಫೋರ್‌ವೀಲ್‌ನಲ್ಲಿ ಹಿಂದಿನ ಚಕ್ರಗಳನ್ನಷ್ಟೇ ಜೋರಾಗಿ ತಿರುಗಿಸುತ್ತದೆ.

ನಿಮಗೆ ಬೇಕಾದದ್ದು ವಾರ್ನ್ ಕಂಪನಿ ಮಾಡುತ್ತಿದ್ದ, ಆಮೇಲೆ ಸ್ಯಾಟರ್ನ್ ಹೆಸರಲ್ಲಿ ಬಂದ ಯೂನಿಟ್. ಸ್ಪೈಸರ್ 18ರ ಹಿಂದಿನ ಪಿಟಿಒ ಬಾಯಿಗೇ ಅದು ಕೂರುತ್ತದೆ. ಅನುಪಾತ 0.75. ಟ್ರಾನ್ಸ್‌ಫರ್ ಕೇಸಿನ ಗೇರುಗಳಿಗಿಂತ ಮೊದಲೇ ಇರುವುದರಿಂದ ಮುಂದೆ, ಹಿಂದೆ ಎರಡೂ ಆಕ್ಸಲಿಗೆ ಒಂದೇ ವೇಗ ಹೋಗುತ್ತದೆ. ಆದರೆ ಆ ಜಾಗ ಹೋಯಿತೆಂದರೆ ಪಿಟಿಒ ಹೋಯಿತು. ಬೋರ್ಡೋ ಸಿಂಪಡಣೆಗೆ ಬೇರೆ ಎಂಜಿನ್ ಪಂಪ್ ಇಟ್ಟುಕೊಳ್ಳಬೇಕು.

ಲೆಕ್ಕ ನೋಡಿ. ಆಕ್ಸಲ್ ಅನುಪಾತ 5.38 (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು), ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 65 ಕಿ.ಮೀ.ಗೆ ಎಂಜಿನ್ ಸುಮಾರು 2650 ಸುತ್ತು, ಓವರ್‌ಡ್ರೈವಿನಲ್ಲಿ ಸುಮಾರು 1990. ಹರಿಕೇನಿನ ಗರಿಷ್ಠ ಟಾರ್ಕ್ ಬರುವುದೇ 2000 ಸುತ್ತಿಗೆ, ಹಾಗಾಗಿ 65ರಿಂದ 75ರ ನಡುವೆ ಗಾಡಿ ತುಂಬ ಹಿತವಾಗಿ ಓಡುತ್ತದೆ. 80ಕ್ಕೆ 3260 ಇದ್ದದ್ದು 2450ಕ್ಕೆ ಇಳಿಯುತ್ತದೆ.

ನನ್ನ ಪ್ರಕಾರ ನಿಜವಾದ ಲಾಭ ಹೈವೇಯಲ್ಲಲ್ಲ, ಮಲೆನಾಡಿನ ಏರಿನಲ್ಲಿದೆ. ಟಿ-90ರಲ್ಲಿ ಎರಡನೇ ಗೇರ್ 1.55, ಮೂರನೆಯದು 1.00. ನಡುವೆ ದೊಡ್ಡ ಕಂದಕ. ಕೊಟ್ಟಿಗೆಹಾರದ ಕಡೆಗೆ ಚಾರ್ಮಾಡಿ ಹತ್ತುವಾಗ ಎರಡನೆಯದರಲ್ಲಿ ಕಿರುಚಾಟ, ಮೂರನೆಯದರಲ್ಲಿ ಏದುಸಿರು. ಎರಡನೇ ಗೇರ್ ಜೊತೆ ಓವರ್‌ಡ್ರೈವ್ ಹಾಕಿದರೆ 1.16 ಸಿಗುತ್ತದೆ. ಆ ಒಂದು ಗೇರಿಗಾಗಿಯೇ ಈ ಖರ್ಚು ಮಾಡಬಹುದು.

ಸ್ಪ್ಲಿಟ್‌ಪಿನ್:
ಮೇಲಿನವರು ಹೇಳಿದ್ದು ಸರಿ. ಜೋಡಣೆ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಆರ್ಡರ್ ಕೊಡುವ ಮುಂಚೆ ಪಿಟಿಒ ಬಿಚ್ಚಿ, ಮೇನ್‌ಶಾಫ್ಟ್ ಮೇಲಿನ ಗೇರಿನ ಹಲ್ಲು ಎಣಿಸಿ. 26, 27, 29 ಹೀಗೆ ಬೇರೆ ಬೇರೆ ಇವೆ, ಓವರ್‌ಡ್ರೈವ್ ಅದಕ್ಕೆ ಹೊಂದುವುದೇ ಬರಬೇಕು. ಗಾಡಿಯ ವರ್ಷ ನೋಡಿ ತರಿಸಬೇಡಿ. ನಮ್ಮ ಕಡೆ ಇಷ್ಟು ವರ್ಷದಲ್ಲಿ ಯಾವ ಬಾಕ್ಸಿನ ಗೇರ್ ಯಾವುದಕ್ಕೆ ಹೋಗಿದೆಯೋ ಹೇಳಲಾಗದು.

ಚಕ್ರಗಳಿಗೆ ಅಡ್ಡ ಕೊಟ್ಟು, ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಇಳಿಸಿ. ಗಾಡಿಯನ್ನು ಗೇರಿನಲ್ಲಿಟ್ಟು ಸ್ಪ್ಲಿಟ್ ಪಿನ್, ಕ್ಯಾಸಲ್ ನಟ್, ವಾಷರ್ ತೆಗೆದರೆ ಆ ಗೇರ್ ಹಿಂದಿನ ಬಾಯಿಂದಲೇ ಈಚೆಗೆ ಬರುತ್ತದೆ. ಗೇರ್‌ಬಾಕ್ಸ್ ಇಳಿಸುವ ಕೆಲಸವೇ ಇಲ್ಲ. ಇಲ್ಲಿ ಅವಸರ ಬೇಡ: ಶಾಫ್ಟಿನ ಸ್ಪ್ಲೈನ್ (ಗೇರ್ ಹಿಡಿಯಲು ಉದ್ದಕ್ಕೆ ಕೊರೆದ ಹಲ್ಲು) ಮೇಲೆ ಉಗುರು ಎಳೆದು ನೋಡಿ. ಮೆಟ್ಟಿಲು ಸಿಕ್ಕಿದರೆ ಹಳೇ ನಟ್ ಸಡಿಲವಿದ್ದು ಗೇರ್ ಅಲ್ಲಾಡಿದೆ ಎಂದರ್ಥ. ಅಂಥ ಶಾಫ್ಟಿಗೆ ಹೊಸ ಯೂನಿಟ್ ಹಾಕಿದರೆ ಅದೂ ಅಲ್ಲಾಡಿ ಕೆಡುತ್ತದೆ. ಶಾಫ್ಟ್ ಮೇಲೆ ಕೆಳಗೆ ಆಡುತ್ತಿದ್ದರೆ ಬೇರಿಂಗ್ ಮೊದಲು ಬದಲಿಸಿ. ಕೆಳಗಿನ ಇಂಟರ್‌ಮೀಡಿಯೆಟ್ ಗೇರಿನ ಶಾಫ್ಟ್ ಮತ್ತು ಸೂಜಿ ಬೇರಿಂಗ್ ಕೂಡ ನೋಡಿ. ಸವೆದ ಹಲ್ಲಿಗೆ ಹೊಸ ಹಲ್ಲು ಕೂಡಿದರೆ ಸಿಳ್ಳೆ ಹೊಡೆಯುವುದು ಖಂಡಿತ.

ಲಿವರಿಗೆ ಫ್ಲೋರ್ ತಗಡು ಕತ್ತರಿಸಬೇಕು. ಯೂನಿಟ್ ಕೂರಿಸಿ, ಲಿವರ್ ಎರಡೂ ಕಡೆ ಪೂರ್ತಿ ಹೋಗುವಷ್ಟು ಗುರುತು ಮಾಡಿಕೊಂಡು ಆಮೇಲೆ ಕತ್ತರಿಸಿ. ಲಿವರ್ ತಗಡಿಗೆ ತಾಗಿ ಅರ್ಧಕ್ಕೇ ನಿಂತರೆ ಭಾರ ಬಿದ್ದಾಗ ಓವರ್‌ಡ್ರೈವ್ ಹಾರಿ ನ್ಯೂಟ್ರಲಿಗೆ ಬರುತ್ತದೆ, ಇಳಿಜಾರಿನಲ್ಲಿ ಅದು ಅಪಾಯ. ಹ್ಯಾಂಡ್‌ಬ್ರೇಕ್ ಡ್ರಮ್ಮಿಗೂ ಅದರ ರಾಡಿಗೂ ಎಲ್ಲೂ ತಾಗದಂತೆ ನೋಡಿಕೊಳ್ಳಿ.

ಎಣ್ಣೆ 90 ನಂಬರಿನ ಜಿಎಲ್-4 ದರ್ಜೆಯ ಗೇರ್ ಎಣ್ಣೆ. ಟ್ರಾನ್ಸ್‌ಫರ್ ಕೇಸಿಗೆ ಒಂದೂವರೆ ಲೀಟರ್ ಹಿಡಿಯುತ್ತದೆ. ಓವರ್‌ಡ್ರೈವಿಗೂ ಅದೇ ಎಣ್ಣೆ, ಆದ್ದರಿಂದ ಲೆವೆಲ್ ಪ್ಲಗ್ ತನಕ ತುಂಬಿ, ಸ್ವಲ್ಪ ಓಡಿಸಿ ಮತ್ತೆ ನೋಡಿ. ಜಿಎಲ್-5ರಲ್ಲಿರುವ ಗಂಧಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನುತ್ತವೆ.

ಬಾಳೆಲೆ_ಸ್ಪ್ರಿಂಗ್:
ಓವರ್‌ಡ್ರೈವ್ ಸಿಗದಿದ್ದರೆ 4.88 ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಹಾಕಿಸಿ. 80ಕ್ಕೆ 2960 ಸುತ್ತು ಬರುತ್ತದೆ, ಉಳಿತಾಯ ಕಡಿಮೆ, ಆದರೆ ಪಿಟಿಒ ಉಳಿಯುತ್ತದೆ. ಮುಂದೆ ಹಿಂದೆ ಎರಡನ್ನೂ ಬದಲಿಸಲೇಬೇಕು. ಒಂದೇ ಬದಲಿಸಿ ಫೋರ್‌ವೀಲ್ ಹಾಕಿದರೆ ಗೇರುಗಳು ಒಂದಕ್ಕೊಂದು ತಿರುಚಿ ಮುರಿಯುತ್ತವೆ. ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಔಟ್‌ಪುಟ್ಟಿಂದ ಬರುವುದರಿಂದ ಓವರ್‌ಡ್ರೈವ್ ಹಾಕಿದರೆ ಮೀಟರ್ ಸರಿಯಾಗೇ ಇರುತ್ತದೆ, ಆಕ್ಸಲ್ ಬದಲಿಸಿದರೆ ಕಡಿಮೆ ತೋರಿಸುತ್ತದೆ.

ಈಗಿರುವುದು ಯಾವುದೆಂದು ಬಿಚ್ಚದೆ ತಿಳಿಯಬಹುದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಹಿಂದಿನ ಒಂದು ಚಕ್ರ ಮಾತ್ರ ಎತ್ತಿ. ಅದನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಐದೂ ಕಾಲಿಗಿಂತ ಸ್ವಲ್ಪ ಜಾಸ್ತಿಯಾದರೆ 5.38, ಐದಕ್ಕೆ ಚೂರು ಕಡಿಮೆಯಾದರೆ 4.88.

ಆಲ್ದೂರು_3ಬಿ:
ತುಂಬ ಉಪಕಾರ ಆಯಿತು. ಟ್ರೇಲರಿನಲ್ಲಿ ಕಾಫಿ ಮೂಟೆ ಎಳೆಯುವಾಗ ಓವರ್‌ಡ್ರೈವ್ ಬಳಸಬಹುದೇ? ಲೋ ರೇಂಜಿನಲ್ಲಿ (ಟ್ರಾನ್ಸ್‌ಫರ್ ಕೇಸಿನ ನಿಧಾನ, ಹೆಚ್ಚು ಎಳೆತದ ಗೇರ್)?

ಹಲ್ಲುಲೆಕ್ಕ:
ಲೋ ರೇಂಜಿನ 2.46 ಇಳಿಕೆ ಓವರ್‌ಡ್ರೈವ್ ಆದಮೇಲೆ ಬರುವುದು, ಆದ್ದರಿಂದ ಯೂನಿಟ್ಟಿನ ಮೇಲೆ ಅದರಿಂದ ಹೆಚ್ಚಿನ ಒತ್ತಡವಿಲ್ಲ. ಒತ್ತಡ ಬರುವುದು ಗೇರ್‌ಬಾಕ್ಸಿನ ಮೊದಲನೇ ಗೇರಿಂದ; ಎಂಜಿನ್ನಿನ ಟಾರ್ಕ್ 2.8 ಪಟ್ಟಾಗಿ ಓವರ್‌ಡ್ರೈವಿಗೆ ಹೊಡೆಯುತ್ತದೆ. ಹಾಗಾಗಿ ಟ್ರೇಲರ್ ಇದ್ದಾಗ ಮೊದಲನೇ ಗೇರಿನಲ್ಲಿ ಓವರ್‌ಡ್ರೈವ್ ಬೇಡವೇ ಬೇಡ. ಎರಡು, ಮೂರರಲ್ಲಿ ಸಮತಟ್ಟು ರಸ್ತೆಗೆ ಅಡ್ಡಿಯಿಲ್ಲ. ಹಾಕುವಾಗ ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ, ಒಂದು ಕ್ಷಣ ತಡೆದು ಲಿವರ್ ತಳ್ಳಿ.

ಶಿರಾಡಿ, ಚಾರ್ಮಾಡಿ ಇಳಿಯುವಾಗ ಘಾಟಿ ಶುರುವಾಗುವ ಮುಂಚೆಯೇ ಅದನ್ನು ತೆಗೆದುಬಿಡಿ. ಓವರ್‌ಡ್ರೈವಿನಲ್ಲಿ ಎಂಜಿನ್ ಹಿಡಿತ ಕಡಿಮೆ, 3ಬಿಯ 9 ಇಂಚಿನ ಡ್ರಮ್ ಬ್ರೇಕುಗಳು ಬೇಗ ಕಾಯುತ್ತವೆ. ಅರ್ಧ ದಾರಿಯಲ್ಲಿ ಬದಲಿಸಲು ಹೋಗಿ ಲಿವರ್ ನಡುವೆ ನಿಂತರೆ ಎಂಜಿನ್ ಹಿಡಿತ ಪೂರ್ತಿ ತಪ್ಪಿಹೋಗುತ್ತದೆ.