ನೆಟ್‌ವರ್ಕಿಂಗ್ ಪದಗಳು ಬಾಯಿಗೆ ಬರುತ್ತವೆ, ಕೆಲಸಕ್ಕೆ ಬರಲ್ಲ. ನೀವೆಲ್ಲ ಹೇಗೆ ಕಲಿತಿರಿ?

ಪ್ರಶ್ನೆ: ಸಪೋರ್ಟ್ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಇನ್ನೂರು ಪದಗಳ ಪಟ್ಟಿ ಮಾಡಿಕೊಂಡು ದಿನಾ ಓದುತ್ತೇನೆ. ಲೇಟೆನ್ಸಿ, ಫ್ರೇಮ್, ಗೇಟ್‌ವೇ, ಡ್ಯುಪ್ಲೆಕ್ಸ್... ಅರ್ಥ ಕೇಳಿದರೆ ಒಪ್ಪಿಸಿಬಿಡುತ್ತೇನೆ. ಫೋನಿನಲ್ಲಿ ಯಾರಾದರೂ ಅದೇ ಪದ ಅಂದರೆ ತಲೆ ಖಾಲಿ. ನೆಟ್‌ವರ್ಕ್ ಕೆಲಸವನ್ನು ಏಳು ಲೇಯರ್ (ಪದರ) ಮಾಡಿ ತೋರಿಸುವ ಓಎಸ್‌ಐ ಮಾದರಿಯಿಂದ ಶುರು ಮಾಡಬೇಕಾ?

ಉತ್ತರ 1: ಪಟ್ಟಿ ಪಕ್ಕಕ್ಕಿಡಿ. ನನಗಂತೂ ಪದಗಳು ತಲೆಗೆ ಹತ್ತಿದ್ದು ಬೈಸಿಕೊಂಡ ಮೇಲೆಯೇ.

ಕೆಲಸಕ್ಕೆ ಸೇರಿದ ಹೊಸತು. ಹಿರಿಯರೊಬ್ಬರು "ಆ ಸ್ವಿಚ್‌ನಲ್ಲಿ ಪೋರ್ಟ್ 23 ಮುಚ್ಚಿಬಿಡು" ಅಂದರು. ನಾನು ಆ ಸ್ವಿಚ್‌ಗೆ (ಕೇಬಲ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ) ಲಾಗಿನ್ ಆಗಿ 23ನೇ ಪೋರ್ಟನ್ನು ಶಟ್‌ಡೌನ್ ಮಾಡಿದೆ. ಮೇಲಿನ ಮಹಡಿಗೆ ಹೋಗುವ ಕೇಬಲ್ ಇದ್ದದ್ದು ಅದರಲ್ಲೇ! ಇಡೀ ಮಹಡಿಗೆ ನೆಟ್‌ವರ್ಕ್ ಇಲ್ಲ. ಅವರು ಹೇಳಿದ್ದು, ದೂರದಿಂದ ಲಾಗಿನ್ ಆಗುವ ಟೆಲ್‌ನೆಟ್ ಬಳಸುವ ಟಿಸಿಪಿ ಪೋರ್ಟ್ 23. ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಕೂಡ ಬಯಲಾಗಿಯೇ ಹೋಗುತ್ತದೆ, ಅದಕ್ಕೇ ಮುಚ್ಚಬೇಕಿತ್ತು. ಒಂದು ಪೋರ್ಟ್ ಕೇಬಲ್ ಸಿಗಿಸುವ ಜಾಗ. ಇನ್ನೊಂದು ಬರೀ ಸಂಖ್ಯೆ, 65535ರವರೆಗೆ ಇರುತ್ತದೆ. ಒಂದು ಐಪಿ ವಿಳಾಸಕ್ಕೆ ಬಂದ ಡೇಟಾ ಅಲ್ಲಿ ಯಾವ ಪ್ರೋಗ್ರಾಂಗೆ ಸೇರಬೇಕು ಅನ್ನುವುದನ್ನು ಆ ಸಂಖ್ಯೆ ಹೇಳುತ್ತದೆ.

ಹೀಗೆ ಎರಡು ಅರ್ಥದ ಪದಗಳನ್ನು, ಒಂದರಂತೆ ಇನ್ನೊಂದು ಕಾಣುವ ಪದಗಳನ್ನು ಮೊದಲು ಬಿಡಿಸಿಕೊಳ್ಳಿ. ಉಳಿದದ್ದು ತಾನಾಗಿ ಬರುತ್ತದೆ.

ಉತ್ತರ 2: ಒಂದರಂತೆ ಇನ್ನೊಂದು ಅಂದರೆ ಬಿಟ್ ಮತ್ತು ಬೈಟ್. ನನಗೆ ಬರುತ್ತಿದ್ದ ಫೋನುಗಳಲ್ಲಿ ಜಾಸ್ತಿ ಇದೇ. "100 ಎಂಬಿಪಿಎಸ್ ಅಂತ ದುಡ್ಡು ತಗೊಂಡಿದ್ದೀರಿ, ಡೌನ್‌ಲೋಡ್ 11ಕ್ಕೇ ನಿಂತಿದೆ!" ಲೈನಿನ ವೇಗ ಹೇಳುವುದು ಬಿಟ್‌ನಲ್ಲಿ, ಫೈಲಿನ ಅಳತೆ ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್. ಅದರಲ್ಲೂ ಸ್ವಲ್ಪ ಪ್ಯಾಕೆಟ್‌ಗಳ (ಡೇಟಾದ ತುಂಡುಗಳ) ಹೆಡರ್‌ಗೇ, ಅಂದರೆ ವಿಳಾಸ ಬರೆದ ಭಾಗಕ್ಕೇ ಹೋಗುತ್ತದೆ. 12.5 ಬ್ಯಾಂಡ್‌ವಿಡ್ತ್, ಕೈಗೆ ಸಿಕ್ಕ 11 ಥ್ರೂಪುಟ್.

ಲೇಟೆನ್ಸಿ, ಅಂದರೆ ಡೇಟಾ ತಲುಪಲು ಹಿಡಿಯುವ ಸಮಯ, ಬೇರೆಯೇ ವಿಷಯ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಸಿಗ್ನಲ್ ಬೆಳಕಿನ ವೇಗದಲ್ಲೇ ಹೋದರೂ, ನೀವು ಕೇಳಿದ್ದು ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಹಾಗೇ ಬರಬೇಕು. ಅಲ್ಲಿಗೆ ಹೆಚ್ಚುಕಡಿಮೆ ಅರ್ಧ ಸೆಕೆಂಡ್. ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿದರೂ ಅದು ಇಳಿಯಲ್ಲ. ಸಿನಿಮಾ ಚೆನ್ನಾಗಿ ಓಡುತ್ತದೆ, ಮಾತಾಡುವಾಗ ಮಾತ್ರ ಇಬ್ಬರೂ ಒಟ್ಟಿಗೆ ಶುರು ಮಾಡಿ ಇಬ್ಬರೂ ನಿಲ್ಲಿಸುತ್ತಾರೆ. ಇದನ್ನು ಅಳೆಯುವ ಪಿಂಗ್ ಎಂಬ ಪ್ರೋಗ್ರಾಂಗೆ ಆ ಹೆಸರು ಬಂದದ್ದು ಸೋನಾರ್ ಸದ್ದಿನಿಂದ. 1983ರಲ್ಲಿ ಮೈಕ್ ಮ್ಯೂಸ್ ಎಂಬುವರು ಬರೆದದ್ದು. ಸದ್ದು ಹೋಗಿ ಬಡಿದು ವಾಪಸ್ ಬರುವ ಚಿತ್ರ ಮನಸ್ಸಿಗೆ ಬಂದ ಮೇಲೆ ನನಗೆ ಪಿಂಗ್ ಮರೆತಿಲ್ಲ.

ಉತ್ತರ 3: ಓಎಸ್‌ಐ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದು ಪರೀಕ್ಷೆಗೆ ಮಾತ್ರ ಅನ್ನುವವರಿದ್ದಾರೆ, ನಾನು ಒಪ್ಪಲ್ಲ. ಏಳೂ ಲೇಯರ್ ಬಾಯಿಪಾಠ ಬೇಡ, ಕೆಳಗಿನ ನಾಲ್ಕು ಸಾಕು. "ಲೇಯರ್ 1 ನೋಡಿದ್ರಾ?" ಅಂದರೆ ಕೇಬಲ್ ಸರಿಯಾಗಿ ಕೂತಿದೆಯಾ ಅಂತ. ಎರಡನೆಯದರಲ್ಲಿ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ವಿಳಾಸ), ಸ್ವಿಚ್. ಮೂರರಲ್ಲಿ ಐಪಿ, ರೂಟರ್. ನಾಲ್ಕರಲ್ಲಿ ಟಿಸಿಪಿ, ಯುಡಿಪಿ ಎಂಬ ಡೇಟಾ ಸಾಗಿಸುವ ಎರಡು ವಿಧಾನ. ಅದೇ ಡೇಟಾಗೆ ನಾಲ್ಕರಲ್ಲಿ ಸೆಗ್ಮೆಂಟ್, ಮೂರರಲ್ಲಿ ಪ್ಯಾಕೆಟ್, ಎರಡರಲ್ಲಿ ಫ್ರೇಮ್ ಅಂತ ಹೆಸರು. ಕವರಿನೊಳಗೆ ಕವರು. ಮಾತಿನಲ್ಲಿ ಮಾತ್ರ ಎಲ್ಲರೂ ಎಲ್ಲದಕ್ಕೂ ಪ್ಯಾಕೆಟ್ ಅನ್ನುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ.

ಉತ್ತರ 4: ಡ್ಯುಪ್ಲೆಕ್ಸ್ ನನ್ನ ಮೂರು ದಿನ ತಿಂದಿತು. ಫುಲ್ ಅಂದರೆ ಎರಡೂ ಕಡೆಯವರು ಒಟ್ಟಿಗೆ ಕಳಿಸಬಹುದು, ಹಾಫ್ ಅಂದರೆ ಸರದಿಯಲ್ಲಿ. ಸರ್ವರ್‌ಗೆ ಪಿಂಗ್ ಮಾಡಿದರೆ ಸಲೀಸು, ದೊಡ್ಡ ಫೈಲ್ ಕಾಪಿಗೆ ಹಾಕಿದರೆ ಆಮೆ. ಕೇಬಲ್ ಬದಲಾಯಿಸಿದೆ, ಕಾರ್ಡ್ ಬದಲಾಯಿಸಿದೆ. ಕೊನೆಗೆ ನೋಡಿದರೆ ಸ್ವಿಚ್ ಕಡೆ ಯಾರೋ 100 ಫುಲ್ ಡ್ಯುಪ್ಲೆಕ್ಸ್ ಅಂತ ಕೈಯಾರೆ ಇಟ್ಟಿದ್ದಾರೆ, ಸರ್ವರ್ ಕಡೆ ಆಟೋ. ಹಾಗಿದ್ದಾಗ ಆಟೋ ಇರುವ ಕಡೆಗೆ ವೇಗ ಮಾತ್ರ ಗೊತ್ತಾಗುತ್ತದೆ, ಡ್ಯುಪ್ಲೆಕ್ಸ್ ಗೊತ್ತಾಗಲ್ಲ. ಅದು ಹಾಫ್‌ಗೆ ಇಳಿಯುತ್ತದೆ. ಒಬ್ಬರು ಫೋನಿನಲ್ಲಿ, ಇನ್ನೊಬ್ಬರು ವಾಕಿಟಾಕಿಯಲ್ಲಿ ಮಾತಾಡಿದ ಹಾಗೆ. ಪಿಂಗ್ ಚಿಕ್ಕದು, ಡಿಕ್ಕಿ ತಪ್ಪಿಸಿಕೊಂಡು ದಾಟುತ್ತದೆ. ಎರಡೂ ಕಡೆ ಆಟೋ ಮಾಡಿದೆ, ಸರಿಹೋಯಿತು. ಪಟ್ಟಿಯಲ್ಲಿ ಈ ಪದಕ್ಕೆ ಒಂದೇ ಸಾಲು ಇತ್ತು.

ಉತ್ತರ 5: ಒಂದು ಸುಲಭ ಕೆಲಸ ಹೇಳುತ್ತೇನೆ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಯಂತ್ರದ ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ (ipconfig) ಕೊಟ್ಟು, ಬಂದ ಒಂದೊಂದು ಸಾಲಿಗೂ ನಿಮ್ಮದೇ ಕನ್ನಡದಲ್ಲಿ ಒಂದು ವಾಕ್ಯ ಬರೆಯಿರಿ. ಪದವನ್ನು ಕನ್ನಡ ಮಾಡಲು ಹೋಗಬೇಡಿ, ಅರ್ಥವನ್ನು ಬರೆಯಿರಿ. ನಾನು ಬರೆದದ್ದು: "ಗೇಟ್‌ವೇ: ನಮ್ಮ ಸಬ್‌ನೆಟ್ (ನೆಟ್‌ವರ್ಕಿನ ನಮ್ಮ ಪಾಲು) ದಾಟಿ ಹೋಗುವ ಬಾಗಿಲು."

ಪ್ರಶ್ನೆ ಕೇಳಿದವರು: ಮಾಡಿದೆ. ಒಂದು ಯಂತ್ರದಲ್ಲಿ ವಿಳಾಸ 169.254 ಅಂತ ಶುರುವಾಗುತ್ತದೆ, ಗೇಟ್‌ವೇ ಸಾಲು ಖಾಲಿ. ಏನು ಬರೆಯಲಿ?

ಉತ್ತರ 5: "ಡಿಎಚ್‌ಸಿಪಿ: ವಿಳಾಸ ಹಂಚುವವರು. ಕೇಳಿದೆ, ಯಾರೂ ಓಗೊಡಲಿಲ್ಲ, ನಾನೇ ಒಂದು ಇಟ್ಟುಕೊಂಡೆ." ಅಷ್ಟೇ. ಬರೆದಾದ ಮೇಲೆ ಆ ಯಂತ್ರದ ಲೇಯರ್ 1 ಒಮ್ಮೆ ನೋಡಿ.