ಅಪ್‌ಡೇಟ್: ತಮ್ಮನ ಮಾರ್ಫಾನ್ ತೊಂದರೆ, ಎಕೋ ಆಯಿತು

ಮೂರು ವಾರದ ಹಿಂದೆ ಕೇಳಿದ್ದೆ: ತಮ್ಮನಿಗೆ 19 ವರ್ಷ, ಮಾರ್ಫಾನ್ ಸಿಂಡ್ರೋಮ್ (ದೇಹದ ಅಂಗಗಳನ್ನು ಹಿಡಿದಿಡುವ ಅಂಗಾಂಶ ಹುಟ್ಟಿನಿಂದಲೇ ಸಡಿಲ ಇರುವ ಕಾಯಿಲೆ) ಅಂದಿದ್ದಾರೆ, ಇಂಥವರ ಆಯುಷ್ಯ 32 ಅಂತ ಓದಿದೆ, ನಿಜವಾ?

ಅದು 1972ರ ಲೆಕ್ಕವಂತೆ. ಈಗ ಚಿಕಿತ್ಸೆ ಸರಿಯಾಗಿದ್ದರೆ 70ರವರೆಗೂ ಬದುಕುತ್ತಾರೆ ಎಂದರು ಡಾಕ್ಟರ್. ಅವ್ವ ಅವತ್ತು ಸರಿಯಾಗಿ ಊಟ ಮಾಡಿದಳು.

ಅವತ್ತು ಇಲ್ಲಿ 'ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ' ಅಂದವರಿಗೆ ದೊಡ್ಡ ನಮಸ್ಕಾರ. ಗದಗದಿಂದ ಹುಬ್ಬಳ್ಳಿಗೆ ಹೋಗಿ ಮಾಡಿಸಿದೆವು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲಿ 4.2 ಸೆಂ.ಮೀ. ಅಗಲಕ್ಕೆ ಹಿಗ್ಗಿದೆ. 5ರ ಹತ್ತಿರ ಬಂದರೆ ಆಪರೇಷನ್. ಸದ್ಯಕ್ಕೆ ಬೀಟಾ ಬ್ಲಾಕರ್ ಮಾತ್ರೆ (ರಕ್ತನಾಳದ ಮೇಲಿನ ಒತ್ತಡ ತಗ್ಗಿಸೋದು), ಆರು ತಿಂಗಳಿಗೊಮ್ಮೆ ಎಕೋ. ಗರಡಿಮನೆ ಬಂದ್. ಕ್ಯಾಲ್ಸಿಯಂ ಮಾತ್ರೆ, ಎಣ್ಣೆ ಮಾಲೀಸು ಸುಮ್ನೆ ದುಡ್ಡು ದಂಡ. ಯಾಕಂದ್ರೆ ದೋಷ ಇರೋದು ಆ ಅಂಗಾಂಶಕ್ಕೆ ಬಲ ಕೊಡೋ ಫೈಬ್ರಿಲಿನ್ ಅನ್ನೋ ಪ್ರೋಟೀನಿನ ಜೀನ್‌ನಲ್ಲಿ.

ಕಣ್ಣಿನ ಲೆನ್ಸ್ ಕೂಡ ಮೇಲಕ್ಕೆ ಸರಿದಿದೆಯಂತೆ. ನಾವು ಬರೀ ಚಷ್ಮಾ ನಂಬರ್ ಅಂದುಕೊಂಡಿದ್ದೆವು!

ಇನ್ನೊಂದು. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಅಪ್ಪನಿಗೂ ಎಕೋ ಮಾಡಿಸಿದರು. 4.6 ಬಂತು. ಮೊನ್ನೆ ಮೊನ್ನೆವರೆಗೂ ಶೇಂಗಾ ಚೀಲ ಹೊರುತ್ತಿದ್ದ ಮನುಷ್ಯ. ಈಗ ಕಟ್ಟೆ ಮೇಲೆ ಕೂತು, ಚೀಲ ಹೊರೋರಿಗೆ ಬುದ್ಧಿ ಹೇಳುತ್ತಿದ್ದಾರೆ.